ಅಪ್ಪನ ಕಪ್ ಮತ್ತು ಬಾಡಿಗೆಯ ನಕ್ಷತ್ರಗಳು

ಊರಲ್ಲಿ ಯಾರಾದರೂ ನೆಮ್ಮದಿಯಿಂದ ಇರುವುದು ನಿಮಗೆ ಸಹಿಸದಿದ್ದರೆ ಅವರ ಮನೆತನದ ಹೆಸರಲ್ಲಿ ಒಂದು ಕಪ್ ಇಡಿಸಿ, ಪಂದ್ಯ ನಡೆಸಲು ಹೇಳಿ. ಆಮೇಲೆ ನೀವೇನೂ ಮಾಡಬೇಕಾಗಿಲ್ಲ. ವರ್ಷಕ್ಕೊಂದು ಫಜೀತಿ ತಾನಾಗಿಯೇ ವಿಳಾಸ ಕೇಳಿಕೊಂಡು ಬರುತ್ತದೆ. ನಾನು ಅಂಕೋಲೆಯ ಪೇಟೆಯಲ್ಲಿ ಹಗ್ಗ, ಬಲೆ, ದೋಣಿಯ ಬಣ್ಣ ಮಾರುವವನು. ಬಾಸ್ಕೆಟ್‌ಬಾಲಿನಲ್ಲಿ ಒಂದು ಕಡೆಗೆ ಐದೇ ಜನ ಎಂಬುದು ನನಗೆ ತಿಳಿದದ್ದೇ ಐವತ್ತು ದಾಟಿದ ಮೇಲೆ. ಆದರೂ ಆ ಆಟದಿಂದ ನನಗಾದಷ್ಟು ತೊಂದರೆ ಆಡುವವರಿಗೂ ಆಗಿರಲಿಕ್ಕಿಲ್ಲ.

ತಳ ಇಲ್ಲದ ಬಲೆ

ಕಪ್ ಇಟ್ಟವರು ನನ್ನ ಅಪ್ಪ. ತೀರಿಕೊಳ್ಳುವ ಮೊದಲು, ಶಾಲೆಯ ಡ್ರಿಲ್ ಮಾಸ್ತರರ ಮಾತಿಗೆ ಮರುಳಾಗಿ, ಅಂಕೋಲೆ ಮತ್ತು ಕಾರವಾರದ ತಂಡಗಳು ವರ್ಷಕ್ಕೊಮ್ಮೆ ಆಡಲಿ ಎಂದು ಕೊಟ್ಟರು. ಶಾಲೆಯ ಮೈದಾನದಲ್ಲಿ ಎರಡು ಕಂಬ ನೆಟ್ಟಾಯಿತು, ಹಲಗೆ ಬಡಿದಾಯಿತು, ಕಬ್ಬಿಣದ ಬಳೆಯೂ ಬಂತು. ಬಳೆಗೆ ಕಟ್ಟುವ ಬಲೆ ಮಾತ್ರ ಬರಲಿಲ್ಲ.

"ಊರಿಗೆಲ್ಲ ಬಲೆ ಮಾರುವ ನಾವು ಇಷ್ಟು ಸಣ್ಣ ಬಲೆ ಹೊರಗಿನಿಂದ ತರಿಸುವುದಾ?" ಎಂದರು ಅಪ್ಪ. ನನಗೂ ಹೌದೆನ್ನಿಸಿತು. ಕೇಣಿಯ ಒಬ್ಬ ಅಜ್ಜ ನಮ್ಮ ಹಳೆಯ ಗಿರಾಕಿ, ಬಲೆ ಹೆಣೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಳೆಯ ಅಳತೆ ಹೇಳಿ ಕಳಿಸಿದೆ. ಎರಡೇ ದಿನಕ್ಕೆ ತಂದು ತಾನೇ ಏಣಿ ಹತ್ತಿ ಬಿಗಿದು ಹೋದ.

ಮೊದಲ ಪಂದ್ಯದ ಮೊದಲ ಚೆಂಡು ಬಳೆಯೊಳಗೆ ಬಿತ್ತು. ಜನ ಚಪ್ಪಾಳೆ ಹೊಡೆದರು. ಚೆಂಡು ಕೆಳಗೆ ಬರಲಿಲ್ಲ. ಅಜ್ಜ ಬಲೆಯ ತಳವನ್ನು ನಾಲ್ಕು ಸುತ್ತು ಗಂಟು ಹಾಕಿ ಭದ್ರವಾಗಿ ಹೊಲಿದಿದ್ದ. ಒಂದೊಂದು ಅಂಕಕ್ಕೂ ಏಣಿ ತಂದು ಚೆಂಡು ಇಳಿಸಬೇಕಾಯಿತು. ಸಂಜೆ ಅಜ್ಜನನ್ನು ಕರೆಸಿದೆ.

"ಅಜ್ಜಾ, ತಳ ಯಾಕೆ ಹೊಲಿದಿ? ಚೆಂಡು ಕೆಳಗೆ ಬೀಳಬೇಕಿತ್ತು."

ಅಜ್ಜ ನನ್ನನ್ನು ಕನಿಕರದಿಂದ ನೋಡಿದ. "ಸಾವ್ಕಾರ್ರೆ, ಅರವತ್ತು ವರ್ಷ ಆಯ್ತು ನಾ ಬಲೆ ಹೆಣೂಕೆ ಹಿಡ್ದು. ಸಿಕ್ಕಿದ್ದನ್ನ ಬಿಟ್ಟುಬಿಡೂ ಬಲೆ ಬೇಕು ಅಂದೋರು ನೀವೇ ಮೊದ್ಲು."

ಇದು ಎಂತ ಮೀನು?

ಅಪ್ಪ ಕಪ್ಪಿನ ಜೊತೆ ತಮ್ಮ ಕೈಯಾರೆ ಬರೆದ ನಿಯಮಗಳ ಒಂದು ಹಾಳೆಯನ್ನೂ ಕೊಟ್ಟಿದ್ದರು. ಪಂದ್ಯ ಯಾವ ತಿಂಗಳು, ಚಹಾ ಯಾರ ಖರ್ಚು, ಚೆಂಡು ಒಡೆದರೆ ಯಾರು ತರಬೇಕು, ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: ಸತತ ಮೂರು ವರ್ಷ ಗೆದ್ದವರಿಗೆ ಕಪ್ ಶಾಶ್ವತವಾಗಿ ಸೇರತಕ್ಕದ್ದು. ಮೂರು ವರ್ಷ ಬಿಡದೆ ಬಂದ ಗಿರಾಕಿಗೆ ಏನಾದರೂ ಕೊಟ್ಟು ಕಳಿಸಬೇಕು ಎಂಬುದು ಅವರ ಅಂಗಡಿಯ ಧರ್ಮ. ಆಟಗಾರರು ಎಲ್ಲಿಯವರಾಗಿರಬೇಕು ಎಂದು ಮಾತ್ರ ಬರೆದಿರಲಿಲ್ಲ. ಒಂದು ಊರಿನ ಪರವಾಗಿ ಇನ್ನೊಂದು ಊರಿನವನು ಆಡಬಹುದು ಎಂಬ ಯೋಚನೆ ಅವರ ತಲೆಗೆ ಬಂದೇ ಇರಲಿಲ್ಲ.

ಬಂದದ್ದು ನನ್ನ ಭಾವನ ತಲೆಗೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕಾರವಾರದಲ್ಲಿ ದೊಡ್ಡ ಕಿರಾಣಿ ಅಂಗಡಿ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಅವನಿಗೆ ಎರಡು ಚಟ. ಒಂದು, ಗೆಲ್ಲುವುದು. ಇನ್ನೊಂದು, ಮಾತಾಡುವುದು. ನಮ್ಮ ಮದುವೆಯಲ್ಲಿ "ಎರಡೇ ಮಾತು" ಎಂದು ಎದ್ದು ನಿಂತವನು ಕುಳಿತುಕೊಳ್ಳುವಷ್ಟರಲ್ಲಿ ಬಡಿಸಿದ ಅನ್ನ ತಣ್ಣಗಾಗಿ, ಪಾಯಸದ ಮೇಲೆ ಕೆನೆ ಕಟ್ಟಿ, ನನ್ನ ಸೋದರತ್ತೆ ಬಾಳೆಲೆಯ ಮುಂದೆಯೇ ನಿದ್ದೆ ಹೋಗಿದ್ದರು.

ಒಂದು ವರ್ಷ ಕಾರವಾರದ ತಂಡವನ್ನು ಅವನೇ ವಹಿಸಿಕೊಂಡ. ತಂಡದ ಜೊತೆ ಒಬ್ಬ ಬಂದಿಳಿದ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ.

"ಇದು ಯಾರು ಭಾವ?"

"ನಮ್ಮ ಅಂಗಡಿಯಲ್ಲೇ ಕೆಲಸಕ್ಕಿದ್ದಾನೆ. ಅಪ್ಪಟ ಕಾರವಾರದವ."

ಮೂವತ್ತು ವರ್ಷ ವ್ಯಾಪಾರ ಮಾಡಿದವನು ಮಾಲನ್ನು ಮುಟ್ಟಿ ನೋಡದೆ ಬಿಡುವುದಿಲ್ಲ. ಮೈದಾನದ ಅಂಚಿನಲ್ಲಿ ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದ ಹೆಂಗಸೊಬ್ಬಳಿಂದ ಒಂದು ಬಂಗಡೆ ತೆಗೆದುಕೊಂಡು ಅವನ ಮುಂದೆ ಹಿಡಿದೆ. "ತಮ್ಮಾ, ಇದು ಎಂತ ಮೀನು?"

ಅವನು ಬಗ್ಗಿ ನೋಡಿದ. ತಿರುಗಿಸಿ ನೋಡಿದ. ಆಮೇಲೆ ಧೈರ್ಯ ಮಾಡಿ ಹೇಳಿದ: "ಸಮುದ್ರದ್ದು."

ಭಾವ ನಡುವೆ ಬಾಯಿ ಹಾಕಿದ. "ಅವನು ಮೀನು ತಿನ್ನೂದಿಲ್ಲ ಮಾರಾಯ, ಶುದ್ಧ ಸಸ್ಯಾಹಾರಿ!"

ಮೀನಿನ ಹೆಂಗಸು ಬಂಗಡೆಯನ್ನು ಬುಟ್ಟಿಗೆ ಹಾಕಿಕೊಂಡು ಹೇಳಿದಳು: "ಕಾರವಾರದ ಭಟ್ರೂ ತಿನ್ನೂದಿಲ್ಲ ಒಡೆಯಾ. ಆದ್ರೆ ಮುಟ್ದೇ ಹೋಗೂಕಾದ್ರೂ ಯಾವ್ದು ಬಂಗಡೆ, ಯಾವ್ದು ತಾರ್ಲೆ ಅಂತ ಅವ್ರಿಗೆ ಗೊತ್ತಿರ್ತದೆ."

ಹಾಳೆಯಲ್ಲಿ ಅಡ್ಡಿ ಇರಲಿಲ್ಲ. ಸಮುದ್ರದವನು ಒಬ್ಬನೇ ಆಡಿ ನಮ್ಮ ಐವರನ್ನೂ ಸೋಲಿಸಿದ.

ಒಂದು ಕೊರಳು, ಐದು ಪದಕ

ಮರುವರ್ಷ ಭಾವ ಸಮುದ್ರದವನನ್ನೂ ಸೇರಿಸಿ ಐದಕ್ಕೆ ಐದನ್ನೂ ಘಟ್ಟದ ಮೇಲಿನಿಂದ ತರಿಸಿದ. ಒಬ್ಬೊಬ್ಬನೂ ಅವನವನ ಊರಲ್ಲಿ ದೊಡ್ಡ ಹೆಸರು. ದೇವಬಾಗದಿಂದ ಕಾರವಾರದ ತಂಡಕ್ಕೆ ಕೂಗಲೆಂದೇ ಒಂದು ಟೆಂಪೊ ಜನ ಬಂದಿದ್ದರು. ಅವರು ಬಾಯಿ ತೆರೆದರು. ಯಾರ ಹೆಸರು ಕೂಗುವುದೆಂದು ತಿಳಿಯದೆ ಮುಚ್ಚಿದರು.

"ನಮ್ಮೋರು ಯಾರು?" ಎಂದು ಒಬ್ಬ ಕೇಳಿದ.

"ಹಸಿರು ಅಂಗಿ."

ಆದ್ದರಿಂದ ಅವರು ಪಂದ್ಯ ಮುಗಿಯುವವರೆಗೂ "ಹಸಿರೇ, ಹೊಡಿಯೋ!" ಎಂದು ಕೂಗಿದರು. ಐದೂ ಹಸಿರುಗಳು ಒಟ್ಟಿಗೇ ಹೊಡೆಯಲು ಹೋದವು. ನಕ್ಷತ್ರಗಳ ಕಷ್ಟ ಅದೇ: ಆಕಾಶದಲ್ಲಿ ಒಂದು ಇನ್ನೊಂದಕ್ಕೆ ಬೆಳಕು ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಚೆಂಡು ಒಬ್ಬನ ಕೈಗೆ ಸಿಕ್ಕರೆ ಉಳಿದ ನಾಲ್ವರು ಸೊಂಟದ ಮೇಲೆ ಕೈಯಿಟ್ಟು ಅವನು ತಪ್ಪುವುದನ್ನೇ ಕಾಯುತ್ತಿದ್ದರು. ಆದರೂ ಗೆದ್ದರು. ನಮ್ಮವರು ಅಷ್ಟು ಕೆಟ್ಟದಾಗಿ ಆಡುತ್ತಿದ್ದರು.

ವಿರಾಮದಲ್ಲಿ ಭಾವನನ್ನು ಬದಿಗೆ ಕರೆದೆ. "ಇದು ಆಟಕ್ಕೆ ನ್ಯಾಯವಾ ಭಾವ? ಬಂದರಿನ ಹರಾಜಿನಲ್ಲಿ ಒಬ್ಬನೇ ದಿನಾ ಎಲ್ಲ ಪಾಪ್ಲೆಟ್ ಮೀನನ್ನೂ ಎತ್ತಿಕೊಂಡು ಹೋದರೆ ವಾರದೊಳಗೆ ಉಳಿದವರು ಬರುವುದನ್ನೇ ಬಿಡುತ್ತಾರೆ. ಆಮೇಲೆ ಹರಾಜು ಕೂಗುವುದು ಯಾರ ಮುಂದೆ?"

"ನೀನು ಮಾರುವ ಹಗ್ಗ ಎಲ್ಲಿಯದು?" ಎಂದ ಭಾವ.

"ಕೇರಳದ್ದು."

"ನೋಡು! ಒಳ್ಳೆ ಮಾಲು ಎಲ್ಲಿ ಸಿಗುತ್ತದೋ ಅಲ್ಲಿಂದ ತರಿಸುವವನೇ ವ್ಯಾಪಾರಿ."

"ನನ್ನ ಹಗ್ಗ 'ನಾನು ಅಂಕೋಲೆಯಲ್ಲೇ ಹುಟ್ಟಿದ್ದು' ಎಂದು ಗಿರಾಕಿಗೆ ಹೇಳುವುದಿಲ್ಲ."

"ಅದಕ್ಕೆ ಬಾಯಿ ಇಲ್ಲ, ಪಾಪ," ಎಂದು ಭಾವ ಚಹಾ ಹೀರಿದ.

ಬಹುಮಾನದ ಹೊತ್ತಿಗೆ ಮೈಕಿನಲ್ಲಿ ಗೆದ್ದ ತಂಡವನ್ನು ಕರೆದರು. ಯಾರೂ ಬರಲಿಲ್ಲ. ಐವರೂ ಹುಬ್ಬಳ್ಳಿಯ ಬಸ್ಸು ಹತ್ತಿಯಾಗಿತ್ತು. ಮರುದಿನ ಬೆಳಿಗ್ಗೆ ಅವರಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಬಣ್ಣದ ಅಂಗಿಯಂತೆ. ಕೊನೆಗೆ ಭಾವನೇ ವೇದಿಕೆ ಹತ್ತಿ, ಒಂದು ಕೈಯಲ್ಲಿ ಅಪ್ಪನ ಕಪ್ ಹಿಡಿದು, ಐದೂ ಪದಕಗಳನ್ನು ತನ್ನ ಒಂದೇ ಕೊರಳಿಗೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡ. ಆ ಫೋಟೋ ನೋಡಿ ನನ್ನ ಹೆಂಡತಿ ಅಂದದ್ದು: "ಅಣ್ಣ ದನದ ಪ್ರದರ್ಶನಕ್ಕೆ ಯಾವಾಗ ಹೋಗಿದ್ದ?"

ಹಳೇ ಸ್ಟಾಕು

ನಾನೇನೂ ಸಾಚಾ ಅಲ್ಲ. ನ್ಯಾಯದ ಮಾತು ಹೇಳುವವನು ಹೆಚ್ಚಾಗಿ ಸೋತವನೇ ಆಗಿರುತ್ತಾನೆ ಎಂಬುದು ನನಗೂ ಗೊತ್ತು. ಎರಡು ವರ್ಷ ಸೋತಿದ್ದೆವು. ಇನ್ನೊಂದು ಸೋತರೆ ಅಪ್ಪನ ಹೆಸರು ಕೆತ್ತಿದ ಕಪ್ ಶಾಶ್ವತವಾಗಿ ಕಾರವಾರಕ್ಕೆ. ಅದನ್ನು ಎಲ್ಲಿಡುತ್ತಾನೆಂದು ಕೂಡ ಭಾವ ಚೌತಿಯ ಊಟಕ್ಕೆ ಬಂದಾಗ ಹೇಳಿಬಿಟ್ಟಿದ್ದ: "ಅಂಗಡಿಯ ಗಲ್ಲೆಯ ಪಕ್ಕ. ಊದುಬತ್ತಿ ಕಟ್ಟುಗಳನ್ನು ನಿಲ್ಲಿಸಲಿಕ್ಕೆ ಸರಿಯಾದ ಅಳತೆ. ನೋಡಿಯೇ ಬಂದಿದ್ದೇನೆ."

ಬಡಿಸುತ್ತಿದ್ದ ನನ್ನ ಹೆಂಡತಿ ಅಣ್ಣನಿಗೆಂದು ತೆಗೆದ ಕಡುಬನ್ನು ಪಾತ್ರೆಗೇ ವಾಪಸು ಹಾಕಿದಳು.

ಮರುದಿನವೇ ಘಟ್ಟದ ಮೇಲಿನ ಒಬ್ಬ ಪರಿಚಯದವನಿಗೆ ಫೋನು ಮಾಡಿದೆ. "ರಾಜ್ಯ ತಂಡದಲ್ಲಿ ಆಡಿದವನೊಬ್ಬ ಇದ್ದಾನೆ, ಫೋಟೋ ಕಳಿಸುತ್ತೇನೆ" ಎಂದ. ಫೋಟೋ ಬಂತು: ಗಾಳಿಯಲ್ಲಿ ಹಾರಿ ಬಳೆಯನ್ನು ಹಿಡಿದ ಹುಲಿಯಂಥ ಆಳು. ಒಪ್ಪಿದೆ. ಪಂದ್ಯಕ್ಕೆ ಎರಡು ದಿನ ಮೊದಲು ಬಸ್ಸಿನಿಂದ ಮೊದಲು ಒಂದು ಹೊಟ್ಟೆ ಇಳಿಯಿತು, ಹಿಂದೆ ಆ ಮನುಷ್ಯ ಇಳಿದ. ಫೋಟೋ ಅವನದೇ. ಅದರಲ್ಲಿದ್ದ ಮೀಸೆ ನರೆತು ಉದುರಿ ಎಷ್ಟೋ ಕಾಲವಾಗಿತ್ತು.

ಬಂದವನಿಗೆ ಊಟ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಂಗಡೆ ಸಾರು, ಹುರಿದ ಕಾಣೆ ಮೀನು, ಸಿಗಡಿ ಸುಕ್ಕ ಮಾಡಿಸಿದೆ. ಅವನು ಮಧ್ಯಾಹ್ನ ಉಂಡ, ರಾತ್ರಿ ಉಂಡ, ಮರುದಿನ ಬೆಳಿಗ್ಗೆ ನಿನ್ನೆಯ ಸಾರು ಉಳಿದಿದೆಯೇ ಎಂದು ಅಡುಗೆಮನೆಗೇ ಬಂದು ವಿಚಾರಿಸಿದ. ಸಂಜೆ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಚೆಂಡು ಕೊಟ್ಟರೆ ಅದನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಕುಳಿತ.

"ಹಾರುವುದಿಲ್ಲವಾ?" ಎಂದೆ.

"ಸಾವಕಾರ್ರೆ," ಎಂದ ಅವನು, ಬಹಳ ಪ್ರಾಮಾಣಿಕವಾಗಿ, "ನಿಮ್ಮ ಮನೆಗೆ ಬರೋತನಕ ಸ್ವಲ್ಪ ಹಾರ್ತಿದ್ದೆ."

ಎರಡೇ ಮಾತು

ಹೀಗೆ ಪಂದ್ಯದ ದಿನ ನಮಗೆ ಉಳಿದದ್ದು ಊರಿನ ಐವರೇ. ಬಸ್ ಕಂಡಕ್ಟರ್ ಒಬ್ಬ ನಾಯಕ. ಅವನ ಜೊತೆ ಬ್ಯಾಂಕಿನ ಕ್ಯಾಷಿಯರ್, ಕನ್ನಡ ಶಾಲೆಯ ಮಾಸ್ತರು, ಐಸ್ ಫ್ಯಾಕ್ಟರಿಯ ಫಿಟ್ಟರ್, ನಮ್ಮದೇ ತಾಲ್ಲೂಕಿನ ಸುಂಕಸಾಳದ ಫಾರೆಸ್ಟ್ ಗಾರ್ಡ್. ಆ ಕಡೆ ಭಾವನ ಐದು ನಕ್ಷತ್ರಗಳು, ಹೊಸ ಹಸಿರು ಅಂಗಿಯಲ್ಲಿ.

ಬೆಳಿಗ್ಗೆ ಕಂಡಕ್ಟರ್ ಅಂಗಡಿಗೆ ಬಂದ. "ಸಾವ್ಕಾರ್ರೆ, ಆಟದಲ್ಲಿ ಗೆಲ್ಲೂದು ನಮ್ಮಿಂದ ಆಗೂದಿಲ್ಲ. ಆದ್ರೆ ಒಂದು ವಿಷಯ. ಅವ್ರ ಐದೂ ಜನಕ್ಕೆ ಐದೂವರೆ ಹುಬ್ಬಳ್ಳಿ ಗಾಡಿಗೆ ಸೀಟು ಕಾದಿರಿಸಿದ್ದಾರೆ. ಚಾರ್ಟು ನಾನೇ ನೋಡ್ದೆ. ನಾಳೆ ಬೆಳಿಗ್ಗೆ ಎಲ್ಲೋ ಆಡೂದದೆಯಂತೆ, ಗಾಡಿ ತಪ್ಪಿಸೂ ಹಾಗಿಲ್ಲ."

"ಪಂದ್ಯ ಎರಡೂವರೆಗೆ. ನಾಲ್ಕೂವರೆಗೆ ಮುಗಿಯುತ್ತದಲ್ಲ?"

"ಮುಗಿತದೆ," ಎಂದ ಕಂಡಕ್ಟರ್. "ಸಭೆ ಬೇಗ ಮುಗಿದ್ರೆ."

ನಾನು ಸಭೆಯ ಕಾರ್ಯಕ್ರಮ ಪಟ್ಟಿ ಹೊರತೆಗೆದೆ.

ನಮ್ಮ ಕಡೆ ಪಂದ್ಯಕ್ಕೆ ಚೆಂಡು ಇಲ್ಲದಿದ್ದರೂ ನಡೆದೀತು, ಸಭಾ ಕಾರ್ಯಕ್ರಮ ಇಲ್ಲದೆ ನಡೆಯುವುದಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ನಾಲ್ಕು ಮಾತು. ಆತಿಥೇಯ ನಾನೇ ಆದ್ದರಿಂದ ಪಟ್ಟಿಯೂ ನನ್ನದೇ. ನಾನು ಯಾರಿಗೂ ಮೋಸ ಮಾಡಲಿಲ್ಲ. ಪಟ್ಟಿಯ ಕೊನೆಗೆ ಒಂದೇ ಒಂದು ಸಾಲು ಸೇರಿಸಿದೆ: ಕಾರವಾರ ತಂಡದ ಪೋಷಕರಿಗೆ ಸನ್ಮಾನ. ಹೆಂಡತಿ ಆ ಹಾಳೆ ನೋಡಿ, "ಅಣ್ಣನ ಕೈಗೆ ಮೈಕು ಕೊಡುತ್ತೀರಾ?" ಎಂದಳು. "ಸನ್ಮಾನ ಮಾಡಿದ ಮೇಲೆ ಕೊಡದಿದ್ದರೆ ಮರ್ಯಾದೆಯಾ?" ಎಂದೆ. ಅವಳು ಒಳಗೆ ಹೋಗಿ ಸನ್ಮಾನಕ್ಕೆಂದು ಒಳ್ಳೆಯ ಶಾಲು ತೆಗೆದುಕೊಟ್ಟಳು.

ಸಭೆ ಎರಡೂವರೆಗೆ ಶುರುವಾಯಿತು. ಮುಖ್ಯ ಅತಿಥಿಗಳು ಮೂರಕ್ಕೆ ಬಂದು ಮೂರೂಕಾಲಿಗೆ ಮಾತು ಮುಗಿಸಿದರು. ಆಮೇಲೆ ಭಾವನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕನ್ನು ಅವನ ಎತ್ತರಕ್ಕೆ ನಾನೇ ಸರಿಮಾಡಿದೆ.

"ಎರಡೇ ಮಾತು," ಎಂದ ಭಾವ.

ವಿಷಯ: ಸ್ಥಳೀಯ ಪ್ರತಿಭೆಗಳಿಗೆ ಅವಕಾಶ ಸಿಗಬೇಕು. ಹಳ್ಳಿಹಳ್ಳಿಯಲ್ಲಿ ಪ್ರತಿಭೆ ಕೊಳೆಯುತ್ತಿದೆ, ಹೊರಗಿನವರ ಮೋಹ ಬಿಡಬೇಕು, ನಮ್ಮ ಮಣ್ಣಿನ ಮಕ್ಕಳು ಅಂಗಳಕ್ಕೆ ಇಳಿಯಬೇಕು ಎಂದು ಅವನು ಹೇಳುತ್ತ ಹೋದಂತೆ ಅವನ ಐದು ನಕ್ಷತ್ರಗಳು ಮೈದಾನದ ಅಂಚಿನಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದವು. ಒಂದೆರಡು ಸಲ ಸಮುದ್ರದವನು ಕೈಯೆತ್ತಿ ಏನೋ ಸನ್ನೆ ಮಾಡಿದ. ಭಾವ ಅದನ್ನು ಚಪ್ಪಾಳೆ ಎಂದು ತಿಳಿದು ಮತ್ತೆ ಮೊದಲಿನಿಂದ ಹಿಡಿದ. ಪೂರಾ ಒಂದು ಗಂಟೆ. ಕೇಣಿಯ ಅಜ್ಜ ನನ್ನ ಕಿವಿಯಲ್ಲಿ, "ಇವ್ರ ಬಾಯಿಗೂ ತಳ ಇಲ್ವಲ್ರೀ," ಎಂದ.

ಆಟ ಶುರುವಾದಾಗ ನಾಲ್ಕೂವರೆ. ಅರ್ಧ ಆಟ ಮುಗಿದಾಗ ಕಾರವಾರ ಮೂವತ್ತೊಂದು, ನಾವು ಆರು. ಗಂಟೆ ಐದೂಹತ್ತು. ನಕ್ಷತ್ರಗಳು ಹಸಿರು ಅಂಗಿ ಬಿಚ್ಚಿ ಮಡಚಿ ಭಾವನ ಕೈಗಿಟ್ಟು ಚೀಲ ಹೆಗಲಿಗೇರಿಸಿದವು.

"ಎಲ್ಲಿಗೆ?" ಎಂದ ಭಾವ.

"ಬಸ್ಸಿಗೆ. ನೀವೇ ಟಿಕೆಟ್ ಕೊಟ್ಟಿದ್ದೀರಲ್ಲ."

"ಇನ್ನೂ ಅರ್ಧ ಆಟ ಇದೆಯಲ್ಲೋ ಮಾರಾಯಾ!"

"ನಿಮ್ಮ ಭಾಷಣ ಅರ್ಧ ಇರುವಾಗಲೇ ಹೇಳಲಿಕ್ಕೆ ಕೈಯೆತ್ತಿದೆ," ಎಂದ ಸಮುದ್ರದವನು. ಐವರೂ ಗೇಟಿನ ಕಡೆ ಓಡಿದರು. ಆ ದಿನ ಅವರು ಒಟ್ಟಾಗಿ ಒಂದೇ ದಿಕ್ಕಿಗೆ ಓಡಿದ್ದು ಅದೊಂದೇ ಸಲ.

ಭಾವ ರೆಫರಿಯ ಬಳಿ ಬಂದ. ರೆಫರಿ ಪುಸ್ತಕ ತೆರೆದು ಓದಿದರು: ಅಂಗಳದಲ್ಲಿ ಇಬ್ಬರಾದರೂ ಇದ್ದರೆ ಆಟ ಮುಂದುವರಿಯುತ್ತದೆ, ಇಲ್ಲದಿದ್ದರೆ ಸೋತ ಹಾಗೆ. ತಂಡದ ಪಟ್ಟಿಯಲ್ಲಿ ಏಳು ಗೆರೆ ಇದ್ದವು. ಗೆರೆ ಖಾಲಿ ಬಿಡುವುದು ವ್ಯಾಪಾರಿಯ ಜಾಯಮಾನ ಅಲ್ಲ. ಆರನೆಯ ಗೆರೆಯಲ್ಲಿ ಭಾವ ತನ್ನದೇ ಹೆಸರು ಬರೆದಿದ್ದ, ಏಳನೆಯದರಲ್ಲಿ ತನ್ನ ಜೀಪಿನ ಡ್ರೈವರನದು.

ನಾನು ಎಂದೂ ಮರೆಯದ ನೋಟ ಅದು. ಐವತ್ತೈದರ ಭಾವ ಪ್ಯಾಂಟು ಮೊಣಕಾಲಿಗೆ ಮಡಚಿ, ಹಸಿರು ಅಂಗಿಯನ್ನು ಹೊಟ್ಟೆಯ ಅರ್ಧದವರೆಗೆ ಎಳೆದುಕೊಂಡು ಅಂಗಳಕ್ಕಿಳಿದ. ದೇವಬಾಗದ ಟೆಂಪೊ ಜನಕ್ಕೆ ಎರಡು ವರ್ಷದಲ್ಲಿ ಮೊದಲ ಸಲ ಗುರುತಿನ ಮುಖ ಕಂಡಿತು. ಅವರು ಗಂಟಲು ಹರಿಯುವಂತೆ ಭಾವನ ಹೆಸರು ಕೂಗಿದರು. ಇಪ್ಪತ್ತು ನಿಮಿಷ, ಅವರು ಇಬ್ಬರು, ನಾವು ಐವರು, ಹಿಂದೆ ಬಿದ್ದಿರುವುದು ಇಪ್ಪತ್ತೈದು ಅಂಕ. ನಮ್ಮವರ ಯೋಗ್ಯತೆ ಎಷ್ಟೆಂದರೆ ಅಡ್ಡ ಯಾರೂ ಇಲ್ಲದಿದ್ದರೂ ಮೂರಕ್ಕೊಂದು ಬೀಳುತ್ತಿತ್ತು. ಮಾಸ್ತರು ಒಂದನ್ನು ಹಲಗೆಯ ಆಚೆಯ ತೆಂಗಿನ ಮರಕ್ಕೆ ಹೊಡೆದರು. ಡ್ರೈವರ್ ಪ್ರಾಮಾಣಿಕವಾಗಿ ಓಡಿದ. ಭಾವ ಓಡಲಾರದೆ ಬಳೆಯ ಕೆಳಗೆ ನಿಂತು ಬಂದವರಿಗೆಲ್ಲ "ಹೋಯ್! ಹೋಯ್!" ಎಂದು ದನ ಅಟ್ಟುವ ಹಾಗೆ ಕೈ ಬೀಸಿದ.

ಕೊನೆಯ ನಿಮಿಷ. ಮೂವತ್ತೊಂದು, ಮೂವತ್ತು. ಫಿಟ್ಟರ್ ಎಸೆದದ್ದು ಬಳೆಗೆ ತಾಗಿ ಪುಟಿದು ಸೀದಾ ಭಾವನ ಎದೆಗೆ ಬಿತ್ತು. ಭಾವ ಎರಡೂ ಕೈಯಿಂದ ಅವುಚಿಕೊಂಡ.

"ಆಚೆ ಎಸೀರಿ ಸಾವ್ಕಾರ್ರೆ!" ಎಂದು ಡ್ರೈವರ್ ಕೂಗಿದ.

"ಕೈಗೆ ಬಂದದ್ದನ್ನು ಬಿಡುವುದಾ? ಹುಚ್ಚಾ?" ಎಂದು ಭಾವ ಚೆಂಡಿನ ಸಮೇತ ನೆಲಕ್ಕೆ ಕುಳಿತುಬಿಟ್ಟ.

"ನೋಡಿ, ತಳ ಹೊಲಿದ ಬಲೆ!" ಎಂದು ಕೇಣಿಯ ಅಜ್ಜ ಎದ್ದು ನಿಂತ. "ನಾ ಮಾಡಿದ್ದು ತಪ್ಪು ಅಂತಿದ್ರಲ್ಲ!"

ರೆಫರಿ ಐದರವರೆಗೆ ಎಣಿಸಿ ಸೀಟಿ ಊದಿದರು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡರೆ ಚೆಂಡು ಎದುರಿನವರಿಗಂತೆ. ಭಾವನ ಕೈಯಿಂದ ಅದನ್ನು ಬಿಡಿಸಲು ಇಬ್ಬರು ಬೇಕಾದರು. ಅಂಚಿನಿಂದ ಮಾಸ್ತರು ಕೊಟ್ಟದ್ದನ್ನು ಕಂಡಕ್ಟರ್ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಸ್ಸಿನ ಟಾಪಿಗೆ ಗೋಣಿ ಎಸೆಯುವ ಹಾಗೆ ಎಸೆದ. ಚೆಂಡು ಹಲಗೆಗೆ ಬಡಿದು, ಬಳೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಬಿದ್ದು, ದೇವರ ದಯೆಯಿಂದ ಕೆಳಗೂ ಬಿತ್ತು.

ಅಪ್ಪನ ಕಪ್ ಮನೆಗೆ ಬಂತು. ಊದುಬತ್ತಿಯನ್ನು ಅದರ ಮುಂದೆ ಹಚ್ಚಿದೆವು, ಅದರೊಳಗೆ ಅಲ್ಲ.

ಇಷ್ಟಾದ ಮೇಲೆ ಎರಡೂ ಊರಿನವರಿಗೆ ಬುದ್ಧಿ ಬಂದು, ಹೊರಗಿನ ಆಟಗಾರರು ಬೇಡ ಎಂದು ಹಾಳೆಯಲ್ಲಿ ಒಂದು ಸಾಲು ಬರೆದಾರು ಎಂದು ನಾನು ಅಂದುಕೊಂಡಿದ್ದೆ. ಮುಂದಿನ ತಿಂಗಳು ಕಾರವಾರದಲ್ಲಿ ಸಮಿತಿಯ ಸಭೆ ಸೇರಿತು. ಭಾವ ಎದ್ದು ನಿಂತ. ಆಟ ಹಾಳಾಗುತ್ತಿದೆ, ಕೂಡಲೇ ಒಂದು ನಿಯಮ ಬೇಕು ಎಂದ. ನಾನು ಖುಷಿಯಿಂದ ಪೆನ್ನು ತೆಗೆದೆ.

ಅವನು ತಂದ ನಿಯಮ: ಪಂದ್ಯದ ದಿನ ಯಾರ ಭಾಷಣವೂ ಐದು ನಿಮಿಷ ಮೀರತಕ್ಕದ್ದಲ್ಲ. ಎಲ್ಲರೂ ತಕ್ಷಣ ಕೈಯೆತ್ತಿ ಒಪ್ಪಿದರು. ಆದರೂ ಆ ನಿಯಮ ಯಾಕೆ ಬೇಕೆಂದು ಭಾವ ವಿವರಿಸಿ ಮುಗಿಸುವಷ್ಟರಲ್ಲಿ ನನ್ನ ಅಂಕೋಲೆಯ ಬಸ್ಸು ತಪ್ಪಿತು.